ಶಾಂತವಾದ ನಾಡಿ

"ಏಳು ಮೇಲೆ! ನಾಟಕ ಸಾಕು!"

ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದ ಸೊಸೆ ನುಜತ್‌ಳ ಎದುರು ಮೆಹರ್ ಬಾನು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಒಣಹಾಕಲು ಒಯ್ಯುತ್ತಿದ್ದ ಬೆಂದ ಭತ್ತ ಬುಟ್ಟಿಯಿಂದ ಚೆಲ್ಲಿ ಮೆಟ್ಟಿಲ ತುಂಬ ಹರಡಿತ್ತು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವುದೆಂದರೆ ಮಕ್ಕಳಾಟವಲ್ಲ. ಗಂಡ ಹಯಾತ್ ಸಾಬ್ ಕಣ್ಮುಚ್ಚಿದ ಮೇಲೆ ಮೆಹರ್ ಬಾನು ಒಬ್ಬಳೇ ಆ ಬೆಂಕಿಯ ಮುಂದೆ ನಿಂತು ಮಗ ಅಕೀಬ್‌ನನ್ನು ಸಾಕಿದವಳು. ಅಂಥವಳಿಗೆ ನಾಲ್ಕು ಮೆಟ್ಟಿಲು ಹತ್ತಿ ಕೂರುವ ಸೊಸೆ ಕಂಡರೆ ಮೈಯೆಲ್ಲಾ ಉರಿಯುತ್ತಿತ್ತು.

"ಅಮ್ಮಿ... ಕಣ್ಣು ಕತ್ತಲೆ ಬರ್ತೈತ್ರಿ..." ಎಂದಳು ನುಜತ್.

ಒಳಗಿನಿಂದ ಅಕೀಬ್ ಓಡಿ ಬಂದ. "ಡಾಕ್ಟರಿಗೆ ತೋರ್ಸೋಣಮ್ಮಿ. ದಿನಾ ಹಿಂಗೇ ಆಗ್ತೈತೆ."

ಮೆಹರ್ ಬಾನು ಸೊಸೆಯ ಮಣಿಕಟ್ಟನ್ನು ಹಿಡಿದಳು. ಬೆರಳ ತುದಿಗೆ ನಾಡಿ ನಿಧಾನವಾಗಿ, ಬಿಡುವಾಗಿ ಸಿಕ್ಕಿತು. ಅವಳಿಗೆ ಅಷ್ಟು ಸಾಕಾಯಿತು!

"ನೋಡ್ಕೋ ಬಾ ನಿನ್ ಹೆಂಡ್ತಿ ನಾಡಿ! ಎಷ್ಟು ಶಾಂತ ಐತೆ! ಭಾರ ಹೊತ್ತೋರ ಎದೆ ಹಿಂಗಿರ್ತೈತೇನೋ? ಡಬಡಬ ಅಂತ ಹೊಡ್ಕೋಬೇಕು. ಮೈ ದಣಿದಿಲ್ಲ ಇವಳ್ದು. ಕೆಲಸದಾಗೆ ದಿಲ್ ಇಲ್ಲ, ಅಷ್ಟೇ! ಹರಿಹರಕ್ಕೆ, ಅವ್ರಪ್ಪನ ಮನಿಗೆ ಕಳಿಸು. ದಿಲ್ ಬಂದಾಗ ಬರ್ಲಿ."

ಅಮ್ಮನ ಮಾತಿಗೆ ಎದುರಾಡಿ ಗೊತ್ತಿಲ್ಲದ ಅಕೀಬ್ ತಲೆ ತಗ್ಗಿಸಿದ. ಒಳ್ಳೆಯ ಮಗ ಎನ್ನಿಸಿಕೊಳ್ಳಲು ಹೋಗಿ ಗಂಡನೆನ್ನಿಸಿಕೊಳ್ಳುವುದನ್ನು ಮರೆತ! ನುಜತ್ ಚೆಲ್ಲಿದ ಭತ್ತವನ್ನೆಲ್ಲ ಬಳಿದು ಬುಟ್ಟಿಗೆ ತುಂಬಿಯೇ ತವರಿಗೆ ಹೊರಟಳು.

ಅದೇ ವಾರ ಹರಿಹರದಲ್ಲಿ, ತಂದೆ ಖಾಜಾ ಹುಸೇನರ ಮನೆಯ ಅಂಗಳದಲ್ಲಿ, ಅವಳು ಎಚ್ಚರ ತಪ್ಪಿ ಬಿದ್ದಳು. ತಲೆ ಒಡೆದು ರಕ್ತ ಸುರಿಯಿತು. ಅವಳನ್ನು ಕಾರಿನಲ್ಲಿ ದಾವಣಗೆರೆಯ ಆಸ್ಪತ್ರೆಗೆ ತಂದರು. ಸುದ್ದಿ ತಿಳಿದು ಮೆಹರ್ ಬಾನು ಬಂದಾಗ ಡಾಕ್ಟರ್ ನಯನಾ ಅಕೀಬ್‌ನ ಜೊತೆ ಮಾತಾಡುತ್ತಿದ್ದರು.

"ಹೃದಯದ ಬಲಗಡೆ ಮೇಲಿನ ಕೋಣೆಯ ಗೋಡೆಯಲ್ಲಿ ಒಂದು ಪುಟ್ಟ ಗಂಟಿರುತ್ತೆ. ಪ್ರತಿ ಬಡಿತಕ್ಕೂ ಅಪ್ಪಣೆ ಕೊಡೋದು ಅದೇ. ಭಾರ ಹೊತ್ತಾಗ, ಹೆದರಿದಾಗ ನರಗಳು ಅದಕ್ಕೆ ಬೇಗ ಬೇಗ ಅನ್ನುತ್ತವೆ, ಅದು ವೇಗ ಏರಿಸುತ್ತೆ. ಮಲಗಿದಾಗ ಇಳಿಸುತ್ತೆ. ಇವರಲ್ಲಿ ಆ ಗಂಟೇ ಕೆಟ್ಟಿದೆ. ಎಷ್ಟು ದುಡಿದರೂ ವೇಗ ಏರಲ್ಲ, ತಲೆಗೆ ರಕ್ತ ಸಾಲಲ್ಲ. ಒಮ್ಮೊಮ್ಮೆ ಬಡಿತವೇ ನಿಂತು ನಿಂತು ಬರುತ್ತೆ."

"ಭತ್ತದ ಬುಟ್ಟಿ ಹೊತ್ತಾಗ್ಲೂ ನಾಡಿ... ಶಾಂತ ಇತ್ತಲ್ರೀ?" ಮೆಹರ್ ಬಾನು ತೊದಲಿದಳು.

"ಅದೇ ರೋಗ ಅಮ್ಮಾ. ಅಷ್ಟು ಭಾರ ಹೊತ್ತ ಮೇಲೂ ಶಾಂತವಾಗಿತ್ತು ಅಂದ್ರೆ ಅವತ್ತೇ ಕರ್ಕೊಂಡು ಬರಬೇಕಿತ್ತು."

ಮೆಹರ್ ಬಾನು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಇದೇ ಬೆರಳುಗಳು! ರೋಗ ತಾನಾಗಿ ಬೆರಳಿಗೆ ಸಿಕ್ಕಿದ್ದರೂ ಅದನ್ನೇ ಸಾಕ್ಷಿ ಮಾಡಿಕೊಂಡು ಆ ಹುಡುಗಿಯನ್ನು ಮೈಗಳ್ಳಿ ಮಾಡಿದ್ದಳಲ್ಲ... ಯಾ ಅಲ್ಲಾಹ್!

ಎದೆಯ ಮೇಲ್ಭಾಗದಲ್ಲಿ, ಚರ್ಮದಡಿ, ಬಡಿತಕ್ಕೆ ಅಪ್ಪಣೆ ಕೊಡುವ ಪೇಸ್‌ಮೇಕರ್ ಇಟ್ಟರು. ನುಜತ್ ಬದುಕಿದಳು. ಗಾಯ ಮಾಯಲೆಂದು ತವರಿಗೆ ಹೋದವಳನ್ನು ಕರೆತರಲು ಮೆಹರ್ ಬಾನು ಮಗನೊಂದಿಗೆ ಹರಿಹರಕ್ಕೆ ಬಂದಳು. ಸೊಸೆಯ ಎರಡೂ ಕೈ ಹಿಡಿದು ಬಿಕ್ಕಿದಳು.

"ಮಾಫ್ ಮಾಡು ಬೇಟಿ! ದಿಲ್ ಇಲ್ದೋಳು ನಾನು, ನೀನಲ್ಲ... ಮನಿಗೆ ಬಾ. ಇನ್ನೊಂದು ಬುಟ್ಟಿ ಎತ್ತಾಕೆ ಬಿಡಲ್ಲ ನಿನ್ನ."

"ಹಂಗೆಲ್ಲ ಅನ್‌ಬ್ಯಾಡ್ರಿ ಅಮ್ಮಿ. ನೀವು ಕರೆದ್ರೆ ಬರ್ತೀನ್ರಿ." ಹಾಗೆಂದವಳು ಕೂತಲ್ಲಿಂದ ಗಡಬಡಿಸಿ ಎದ್ದು ನಿಂತಳು. "ಬುಟ್ಟಿ ಎತ್ತಬಲ್ಲೆ. ಈಗ ಸುಸ್ತಾಗಲ್ಲ. ನಿಜ ಅಮ್ಮಿ, ಕೂರಲ್ಲ ನಾನು..."

ಕ್ಷಮೆ ಕೇಳಿದವಳಿಗೆ ಸಿಕ್ಕಿದ್ದು ಸೊಸೆಯ ಭಯ! ಆಸ್ಪತ್ರೆಯವರು ಹೃದಯದ ಓಟವನ್ನು ಸರಿಮಾಡಿದ್ದರು. ಆದರೆ ತಾನು ಅದರೊಳಗೆ ಇಳಿಸಿದ ಹೆದರಿಕೆಯನ್ನು ತೆಗೆಯುವವರು ಯಾರು? ಮೆಹರ್ ಬಾನು ಮೆಲ್ಲಗೆ ಕೈಬಿಟ್ಟು ಮಗನ ಕಡೆ ತಿರುಗಿದಳು.

"ಅಕೀಬ್, ಇಲ್ಲೇ ಒಂದು ಮನಿ ನೋಡು. ಭಟ್ಟಿಗೆ ಬೆಳಿಗ್ಗೆ ಬಾ, ಸಂಜಿಗೆ ಇಲ್ಲಿಗೇ ವಾಪಸ್ ಬಾ. ನುಜತ್ ಅಲ್ಲಿಗೆ ಬರೋದು ಬ್ಯಾಡ."

"ಅಮ್ಮಿ! ಮತ್ತೆ ಹೊರಗೆ ಹಾಕ್ತೀಯೇನು ಇವಳ್ನ?"

"ಇಲ್ಲ ಬೇಟಾ. ನಾನೇ ದೂರ ಇರ್ತೀನಿ."

ನುಜತ್ ಥಟ್ಟನೆ ತಲೆಯೆತ್ತಿದಳು. "ನಿಜಾ ಅಮ್ಮಿ?" ಎಂದು ಕೇಳಿದವಳ ಮುಖದ ಮೇಲೆ, ತಡೆಯಲಾಗದೆ, ಒಂದು ನಗು ಅರಳಿತು.

ಸೊಸೆ ಮದುವೆಯಾಗಿ ಬಂದ ದಿನದಿಂದ ಮೆಹರ್ ಬಾನು ಆ ನಗುವನ್ನು ಒಮ್ಮೆಯೂ ಕಂಡಿರಲಿಲ್ಲ. "ನಿಜ ಬೇಟಿ," ಎಂದಳು. ಊಟ ಮಾಡಿ ಹೋಗಿರೆಂದು ಖಾಜಾ ಹುಸೇನರು ಕರೆಯುತ್ತಿದ್ದಂತೆಯೇ ಸೆರಗನ್ನು ತಲೆಯ ಮೇಲೆಳೆದುಕೊಂಡು, ಒಬ್ಬಳೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.