ಮೂರು ಕೋಣೆಯ ಲಾಂಚು

"ನನ್ ಗಂಡ ಒಂದು ತೊಟ್ಟೂ ಕುಡಿದಿರ್ನಿಲ್ಲ ಸಾ!" ಕೊಳ್ಳೇಗಾಲದ ಷಡಕ್ಷರಿಯವರ ಜಗಲಿಯಲ್ಲಿ ನಿಂತು ಚೆಲುವಮ್ಮ ಕೂಗಿದಳು. ಅವಳು ಅಳಲು ಬಂದಿರಲಿಲ್ಲ, ಜಗಳಕ್ಕೇ ಬಂದಿದ್ದಳು.

ಅಲ್ಲೇ ಕೂತಿದ್ದ ಶಾಂತಮೂರ್ತಿಗೆ ಆ ಸಿಟ್ಟು ನ್ಯಾಯವೆನಿಸಿತು. ಹಿಂದಿನ ದಿನ ಬೆಳಗಿನ ಮಂಜಿನಲ್ಲಿ ಕಾವೇರಿ ದಾಟುತ್ತಿದ್ದ ಲಾಂಚು ಮರಳಿನ ದೋಣಿಗೆ ಡಿಕ್ಕಿ ಹೊಡೆದು ಮುಳುಗಿ ಒಂಬತ್ತು ಜನ ಸತ್ತಿದ್ದರು. ಅದನ್ನು ನಡೆಸುತ್ತಿದ್ದ ಅವಳ ಗಂಡ ಮಾದೇಶ ಲಾಕಪ್ಪಿನಲ್ಲಿದ್ದ. ಬಿದ್ದವರಿಗೆ ಆಳಿಗೊಂದು ಕಲ್ಲು. ಊರೆಲ್ಲ ಅವನನ್ನು ಕುಡುಕನೆಂದೇ ತೀರ್ಮಾನಿಸಿತ್ತು.

ಷಡಕ್ಷರಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಗ್ಗಂಟು ಬಿಡಿಸುವುದು ಅವರ ಚಟ, ಜೊತೆಗೆ ಅಲೆಯುವುದು ಗೆಳೆಯ ಶಾಂತಮೂರ್ತಿಯ ಹಣೆಬರಹ. ಇಬ್ಬರೂ ಚೆಲುವಮ್ಮನ ಜೊತೆ ಹೊಳೆದಂಡೆಗೆ ಹೋದರು. ದಡಕ್ಕೆಳೆದಿದ್ದ ಲಾಂಚಿನ ಮೂತಿಯಲ್ಲಿ ಅಂಗೈಯಗಲ ಒಡಕಿತ್ತು. ಪೊಲೀಸರು ಬೀಗ ಒಡೆದಿದ್ದ ತಳಕೋಣೆಯ ಮುಚ್ಚಳದೊಳಗೆ ತಲೆ ಹಾಕಿದ ಷಡಕ್ಷರಿ ಕೆಂಡವಾಗಿ ಹೊರಬಂದರು.

"ಒಳಗೆ ಎರಡು ಅಡ್ಡಗೋಡೆ ಇವೆ ಮೂರ್ತಿ. ಮೂತಿ ಒಡೆದರೆ ಮುಂದಿನ ಕೋಣೆಗಷ್ಟೇ ನೀರು ನುಗ್ಗಬೇಕು. ಉಳಿದೆರಡು ಕೋಣೆ ಲಾಂಚನ್ನು ತೇಲಿಸಬೇಕು."

"ಮತ್ತೆ ಮುಳುಗಿತಲ್ಲ?"

"ಎರಡು ಗೋಡೆಗೂ ತಳದಲ್ಲಿ ಎದುರುಬದುರು ತೂತು ಕೊರೆದಿದ್ದಾರೆ. ಅಂಚಿನಲ್ಲಿ ಬಿದಿರಿನ ಸಿಬಿರು. ಚೆಲುವಮ್ಮ, ಮಾದೇಶ ಈ ಲಾಂಚಿನ ಕೆಲಸಕ್ಕೆ ಸೇರಿದ್ದು ಯಾವಾಗ?"

"ಈ ಸಲದ ಗೌರಿ ಅಬ್ಬ ಕಳುದ್ಮೇಲೆ ಸಾ. ಆ ಬೀಗದ್ ಕೈಯ ಯಜಮಾನ್ರು ಯಾರ್ಗೂ ಕೊಡ್ತಿರ್ನಿಲ್ಲ."

ಲಾಂಚಿನ ಯಜಮಾನ ಕೆಂಪನಂಜಪ್ಪ ತನ್ನ ಮನೆಗೆ ಬಂದವರಿಗೆ ಕಾಫಿ ಕೊಟ್ಟು ಮಾದೇಶನಿಗೆ ಶಾಪ ಹಾಕಿದ. ಅವನ ಹೊಸ ಹುಳುಮನೆಯಲ್ಲಿ, ರೇಷ್ಮೆಹುಳುವಿನ ತಟ್ಟೆಗಳ ಅಟ್ಟಣೆಗೆ ಕಟ್ಟಿದ್ದ ಬಿದಿರು ಒಂದೊಂದೂ ಜೋಡಣೆಯಿಲ್ಲದೆ ಮನೆಯುದ್ದಕ್ಕೂ ಹಾದಿತ್ತು. ಅಲ್ಲಲ್ಲಿ ಇಟ್ಟಿಗೆಗೆಂಪಿನ ಗೀರುಗಳಿದ್ದವು.

"ಮನೆ ಯಾವಾಗ ಆಯ್ತು?" ಷಡಕ್ಷರಿ ಕೇಳಿದರು.

"ಯುಗಾದಿಗೇ ಉಳ ಬುಟ್ವಿ ಸಾ."

ಮರುದಿನ ಅದೇ ಹುಳುಮನೆಯಲ್ಲಿ ಎಲ್ಲರೂ ಸೇರಿದರು. ಇನ್ಸ್‌ಪೆಕ್ಟರ್ ಮಾದೇಶನಿಗೆ ಕೋಳ ಹಾಕಿಯೇ ಕರೆತಂದಿದ್ದರು.

"ಕಾಡಿನ ಬಿದಿರಿಗೆ ಪರ್ಮಿಟ್ ಇರಲಿಲ್ಲ. ಲಾಂಚಿನ ಹೊಟ್ಟೆಯಲ್ಲಿ ಬಚ್ಚಿಟ್ಟೇ ತರಬೇಕು," ಎಂದರು ಷಡಕ್ಷರಿ. "ತುಂಡು ಮಾಡಿದರೆ ಅಟ್ಟಣೆಗೆ ಬಲವಿಲ್ಲ. ಉದ್ದಕ್ಕೆ ಮಲಗಿಸಲು ಗೋಡೆಗಳು ಅಡ್ಡ. ಅದಕ್ಕೇ ಕೊರೆದರು. ಎಳೆಯುವಾಗ ಲಾಂಚಿನೊಳಗಿನ ತುಕ್ಕುನಿರೋಧಕ ಕೆಂಪು ಬಣ್ಣ ಮೆತ್ತಿತು, ಈ ಗೀರುಗಳೇ ಅದು. ಬಿದಿರು ಬಂದದ್ದು ಯುಗಾದಿಗೆ ಮುಂಚೆ, ಮಾದೇಶ ಬಂದದ್ದು ಗೌರಿ ಹಬ್ಬದ ಮೇಲೆ. ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ."

"ಗುದ್ದಿದ್ದು ಅವ್ನಲ್ವಾ ಸಾ?" ಕೆಂಪನಂಜಪ್ಪ ಅಬ್ಬರಿಸಿದ.

"ಮಂಜಿನಲ್ಲಿ ಯಾರಾದರೂ ಗುದ್ದುತ್ತಾರೆ! ಗುದ್ದಿದರೂ ಜನ ಬದುಕಲಿ ಅಂತಲೇ ಲಾಂಚು ಕಟ್ಟಿದವನು ಗೋಡೆ ಇಟ್ಟಿದ್ದ. ಹುಳುವಿಗೆ ಮನೆ ಕಟ್ಟೋಕೆ ಒಂಬತ್ತು ಜನರನ್ನ ಮುಳುಗಿಸಿದೆಯಲ್ಲ, ನೀನು ಮನುಷ್ಯನಾ?" ಷಡಕ್ಷರಿ ಯಾರನ್ನೂ ಏಕವಚನದಲ್ಲಿ ಕರೆದದ್ದನ್ನು ಶಾಂತಮೂರ್ತಿ ಕೇಳಿಯೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಮಾದೇಶನ ಕೋಳ ಬಿಚ್ಚಿದರು. ಚೆಲುವಮ್ಮ ಗಂಡನ ತೋಳು ಹಿಡಿದಳು. ಅವನು ಕದಲಲಿಲ್ಲ. ಕೆಂಪನಂಜಪ್ಪನನ್ನೇ ನೋಡುತ್ತಿದ್ದ.

"ಸೇರ್ದ ದಿನ ನೀವೇ ಅಲ್ವಾ ಯೋಳಿದ್ದು, ಮೂರ್ ಕ್ವಾಣೆ ಅವೆ, ಎಂಗ್ ಗುದ್ದುದ್ರೂ ಮುಳುಗಕಿಲ್ಲ ಅಂತ? ದಡ ಅತ್ರದಲ್ಲೇ ಇತ್ತು. ಜನ ಧುಮುಕ್ತೀವಿ ಅಂದ್ರು. ಮುಳುಗಕಿಲ್ಲ, ಕುಂತ್ಕಳಿ ಅಂತ ನಾನೇ ಕೂರಿಸ್ಬುಟ್ಟೆ. ನನ್ ಮಾತ ನಂಬಿ ಕುಂತ್ಕಂಡ್ರು ಕಣ್ರಯ್ಯಾ."