ವೆಲಿಚ್ಕಾ ತಲೆಯಾಡಿಸಿದ್ದು

"ಊದಿ, ಊದಿ, ಇನ್ನೂ ಊದಿ," ಎಂದಳು ನರ್ಸ್ ವೆಲಿಚ್ಕಾ.

ರಾಂಗೆಲ್ ಉಸಿರು ಅಳೆಯುವ ಯಂತ್ರದ ಕೊಳವೆಯನ್ನು ಬಾಯಿಂದ ತೆಗೆದ. "ಮೂವತ್ತು ವರ್ಷ ಮದುವೆ ಮನೆಗಳಲ್ಲಿ ಚೀಲದ ವಾದ್ಯ ಊದಿದೀನಿ. ಯಾರೂ ಹಿಂಗೆ ಗದರಿಸಿರ್ಲಿಲ್ಲ ಮಾರಾಯ್ತಿ."

"ಆಗ ನಾನಿರ್ಲಿಲ್ವಲ್ಲ."

ಅವನು ನಕ್ಕ, ನಕ್ಕಿದ್ದಕ್ಕೆ ಕೆಮ್ಮಿದ. ಕಲೆಗಟ್ಟಿ ಬಿಗಿಯುವ ಶ್ವಾಸಕೋಶಕ್ಕೆ ಹೊಸ ಮದ್ದೊಂದರ ಪ್ರಯೋಗ ಬಲ್ಗೇರಿಯದ ಪ್ಲೊವ್‌ದಿವ್‌ನ ಆ ಆಸ್ಪತ್ರೆಯಲ್ಲಿ ನಡೆದಿತ್ತು. ಕೆಲವರಿಗೆ ಮದ್ದು, ಕೆಲವರಿಗೆ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ. ರಾಂಗೆಲ್ ಬೆಟ್ಟದೂರಿನಿಂದ ಬಸ್ಸು ಹತ್ತಿ ಬರುತ್ತಿದ್ದುದು ಮದ್ದಿಗಿಂತ ಹೆಚ್ಚಾಗಿ ಈ ಬೈಗುಳಕ್ಕೆ. ಅವಳೇನು ಕಮ್ಮಿಯೇ, ಅವನು ಬರುವ ದಿನ ಓಲೆ ಹಾಕಿಕೊಳ್ಳುತ್ತಿದ್ದಳು.

ಎಲೆ ಉದುರುವ ಕಾಲದಲ್ಲೊಮ್ಮೆ, ಕೋಟಿನ ಗುಂಡಿ ಹಾಕುತ್ತ ಅವನು ಕೇಳಿದ: "ಮದ್ದು ಹತ್ತಲಿ ಬಿಡಲಿ, ಇರೋಷ್ಟು ದಿನ ನನ್ನ ಜೊತೆ ಇರ್ತೀಯಾ?"

ಅವಳು ಖುಷಿಯಲ್ಲಿ, ಓಲೆ ಅಲುಗುವಂತೆ, ಕೋಲೆಬಸವನ ಹಾಗೆ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ಹಾಳು ಜರ್ಮನಿಯ ಅಭ್ಯಾಸ. ಅಲ್ಲಿ ವರ್ಷಗಟ್ಟಲೆ ದುಡಿದು ಬಂದವಳಿಗೆ ಅದು "ಹೌದು". ಬಲ್ಗೇರಿಯದಲ್ಲಿ ಎಳೆಗೂಸಿಗೂ ಅದು "ಇಲ್ಲ".

"ಸರಿ ಬಿಡು," ಎಂದ ರಾಂಗೆಲ್. ಮತ್ತೆ ಬರಲಿಲ್ಲ. ಪ್ರಯೋಗ ಬಿಟ್ಟು ಹೋದವರನ್ನು ಯಾಕೆಂದು ಕೇಳುವಂತಿಲ್ಲ, ಅದು ನಿಯಮ. ಕೇಳಲು ಅವಳ ಅಭಿಮಾನವೂ ಬಿಡಲಿಲ್ಲ. ಚಳಿಗಾಲವಿಡೀ ಅವನನ್ನು ಬೈದಳು, ಬೈದಷ್ಟೇ ಅತ್ತಳು.

ಹಿಮ ಕರಗಿದ ಮೇಲೆ ಉಳಿದ ಮಾತ್ರೆ ಒಪ್ಪಿಸಲು ಅವನ ಅಕ್ಕ ಸ್ತಾನಾ ಬಂದಳು. "ಒಲ್ಲೆ ಅಂದವಳು ನೀನೇನಾ?"

"ನಾನೆಲ್ಲಿ ಅಂದೆ ಅಕ್ಕಾ? ತಲೆ ಆಡಿಸಿದ್ನಲ್ಲ, ಹಿಂಗೆ."

ಸ್ತಾನಾ ಅವಳ ಗೋಣನ್ನೇ ನೋಡಿದಳು. "ಹಿಂಗೇ ಆಡಿಸಿದ್ಯಾ? ಅಯ್ಯೋ ಪೆದ್ದಿ. ನಡಿ, ಬಸ್ಸಿದೆ. ಅವನಿಗೆ ಜಾಸ್ತಿ ದಿನ ಇಲ್ಲ."

ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದವನ ಕಿವಿಗೆ ಬಾಗಿ ಅವಳು "ಹೌದು, ಹೌದು, ಹೌದು ಕಣೋ" ಎಂದಳು. ಊರಿನ ಪಾದ್ರಿ ಮಂಚದ ಬಳಿಯೇ ಮದುವೆ ಮಾಡಿಸಿದ.

ಪ್ರಯೋಗ ಮುಗಿದು ಗುಟ್ಟು ಬಯಲಾದಾಗ ಅವಳೇ ಹೇಳಿದಳು: "ನಿಂಗೆ ಕೊಟ್ಟಿದ್ದು ಬರೀ ಹಿಟ್ಟು."

"ಹಾಗಾದ್ರೆ ಮದ್ದು ಬಿಟ್ಟು ಏನೂ ಕಳ್ಕೊಂಡಿಲ್ಲ," ಎಂದು ನಕ್ಕ. ಉಸಿರು ಕೂಡಿಸಿಕೊಂಡು ಮೆಲ್ಲಗೆ ಸೇರಿಸಿದ: "ಒಂದು ಚಳಿಗಾಲ ಕಳ್ಕೊಂಡ್ವಿ, ಅಷ್ಟೇ."

ಅವಳು ಅವನ ಅಂಗೈಯಲ್ಲಿ ಮುಖವಿಟ್ಟು ಅತ್ತಳು. ಆಮೇಲೆ ಅವರಿಗೆ ಸಿಕ್ಕಿದ್ದು ಬೇಸಿಗೆಯ ಮೊದಲಲ್ಲಿ ಚೆರ್ರಿ ಹಣ್ಣಾಗುವವರೆಗಿನ ದಿನಗಳು ಮಾತ್ರ.