ಶೇಂಗಾ ಚೀಲದ ಬಂಧು

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲೆಲ್ಲ ಸೆರೆಯಾಗುವವಳು ರಾಜಕುಮಾರಿ. ಏಳು ಸಮುದ್ರದಾಚೆ, ಏಳು ಬಾಗಿಲಿನೊಳಗೆ ಅವಳು ಕೂತಿರುತ್ತಾಳೆ. ಕುದುರೆ ಏರಿ ಬಂದ ರಾಜಕುಮಾರ ಬೀಗ ಒಡೆಯುತ್ತಾನೆ. ಉರುಕುಂದಮ್ಮನ ಪಾಲಿಗೆ ಮಾತ್ರ ಎಲ್ಲ ತಿರುಗುಮುರುಗಾಯಿತು. ರಾಜಕುಮಾರ ಬಂದದ್ದು ಎತ್ತಿನ ಗಾಡಿಯಲ್ಲಿ, ತಲೆತುಂಬ ಹತ್ತಿ ಅಂಟಿಸಿಕೊಂಡು. ಅವನನ್ನು ಕೋಣೆಗೆ ನೂಕಿ ಬೀಗ ಹಾಕಿದವಳು ಅವಳೇ. ಬೀಗದ ಕೈ ಇದ್ದದ್ದೂ ಅವಳ ಸೊಂಟದಲ್ಲೇ.

ಪೆದ್ದಕಡುಬೂರಿನ ವೈದ್ಯ ಗುರುಪಾದಯ್ಯನವರ ಮನೆ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತು. ಸರಕಾರ ಕುಡಿತ ಬಂದ್ ಮಾಡಿ ವರ್ಷಗಳಾಗಿದ್ದವು. ಬಂದ್ ಆದದ್ದು ಅಂಗಡಿ ಮಾತ್ರ. ಕುಡಿತ ಹೊಲದ ಬದು ಹಿಡಿದು, ಜಾಲಿಗಿಡದ ಮರೆ ಹಿಡಿದು ಸುಖವಾಗಿ ನಡೆದಿತ್ತು. ಹಾಗೆ ಕುಡಿದು ಕುಡಿದು ನಡೆಯಲಾರದೆ ಹೋದವರನ್ನು ಮನೆಯವರು ಇಲ್ಲಿ ತಂದು ಬಿಡುತ್ತಿದ್ದರು. ಮೊದಲು ಕೆಲವು ದಿನ ಕೋಣೆಯೊಳಗೆ ಬೀಗ. ಬೆಳಗ್ಗೆ ನೆಲಬೇವಿನ ಕಷಾಯ, ಮಧ್ಯಾಹ್ನ ಮಜ್ಜಿಗೆ ಅನ್ನ, ಸಂಜೆ ನೆತ್ತಿಗೆ ಎಣ್ಣೆ. ಕೈ ನಡುಕ ನಿಂತ ಮೇಲೆ ಅಂಗಳಕ್ಕೆ ಬಿಟ್ಟು, ಬೇರು ಕುಟ್ಟುವ, ನೀರು ಸೇದುವ ಕೆಲಸ.

ಕೊಡುವುದಕ್ಕೂ ದಾರಿಗಳಿದ್ದವು. ರೊಕ್ಕ ಇದ್ದವರು ರೊಕ್ಕ ಕೊಡಬಹುದು. ಅಫೀಮಿನ ಚಟ ಹತ್ತಿದ ಪತ್ತಿಕೊಂಡದ ಸಾಹುಕಾರನೊಬ್ಬ ಹಾಗೆ ಬಂದು ಹೋಗಿದ್ದ. ಹೊಲ ಇದ್ದವರು ಬೆಳೆದದ್ದು ತರಬಹುದು. ಎರಡೂ ಇಲ್ಲದವರು ಮನೆಯವರೊಬ್ಬರನ್ನು ಕೆಲಸಕ್ಕೆ ಬಿಡಬೇಕು. ಉರುಕುಂದಮ್ಮ ಬಂದದ್ದು ಈ ಕೊನೆಯ ದಾರಿಯಲ್ಲಿ. ಅಪ್ಪ ಹೊನ್ನೂರಪ್ಪನಿಗೆ ಇಲ್ಲಿ ಔಷಧ. ಅದಕ್ಕೆ ಬದಲಾಗಿ ಅವಳು ಎಲ್ಲರಿಗೂ ರೊಟ್ಟಿ ಬಡಿಯುತ್ತಿದ್ದಳು, ಕಷಾಯ ಕಾಯಿಸುತ್ತಿದ್ದಳು.

ಇನ್ನೊಂದು ಕಟ್ಟಳೆಯೂ ಇತ್ತು. ಕೊಡುವುದನ್ನು ಹೊಸ್ತಿಲಲ್ಲಿ ಬಂಧುವಿನ ಕೈಯಿಂದಲೇ ತೆಗೆದುಕೊಳ್ಳಬೇಕು. ಕುಡುಕನ ಕೈಯಿಂದ ತೆಗೆದುಕೊಂಡರೆ ಅವನು ಮರುದಿನವೇ "ನನ್ನ ಚೀಲ ನನಗ ಕೊಡ್ರಿ" ಎಂದು ಕೂತುಬಿಡುತ್ತಾನೆ. ಆದ್ದರಿಂದ ಚೀಲ ಕೊಟ್ಟವರು ಬಂಧು, ಬರಿಗೈಲಿ ನಿಂತವನು ರೋಗಿ.

"ಅದಕ್ಕಿಂತ ಹೆಚ್ಚಿಗಿ ವಿಚಾರಸಬ್ಯಾಡ್ರಿ. ಕೇಳಿದ್ರ ಎಲ್ಲಾರೂ ನಾ ಕುಡಿಯಂಗಿಲ್ಲ ಅಂತಾರ" ಎಂದು ಹೇಳಿ ಗುರುಪಾದಯ್ಯ ಬೇರು ತರಲು ದೇವನಕೊಂಡದ ಕಡೆಯ ಗುಡ್ಡಗಳಿಗೆ ಹೊರಟುಹೋಗಿದ್ದರು. ಮನೆ ಈಗ ಅವರ ಹೆಂಡತಿ ಮಹಾಂತಮ್ಮನ ಕಣ್ಣಿಗೆ, ಉರುಕುಂದಮ್ಮನ ಕೈಗೆ.

ಅಂಥ ಒಂದು ಬೆಳಗ್ಗೆ ಗಾಡಿ ಬಂದು ನಿಂತಿತು. ಮೊದಲು ಇಳಿದವನು ಹಿರಿಯ. ಬಿಳೀ ಧೋತರ, ಬಿಳೀ ರುಮಾಲು, ಹಣೆಗೆ ವಿಭೂತಿ. ಗಾಡಿಯಿಂದ ಶೇಂಗಾ ಚೀಲ ಎಳೆದು, ಹೆಗಲಿಗೇರಿಸಿ, ನೇರ ಹೊಸ್ತಿಲಿಗೆ ತಂದಿಟ್ಟ.

"ಶರಣ್ರೀ ಅಮ್ಮಾ. ನಾ ಅಂಜಿನಪ್ಪ. ಅವ ನೋಡ್ರಿ, ನಮ್ಮ ಅಕ್ಕನ ಮಗ ಸುಂಕಪ್ಪ. ಏನು ಹೇಳ್ಲಿ ತಾಯಿ..." ಎಂದು ರುಮಾಲಿನ ಚುಂಗಿನಿಂದ ಕಣ್ಣೊತ್ತಿಕೊಂಡ.

ಎತ್ತುಗಳನ್ನು ಕಟ್ಟಿಹಾಕಿ ಸುಂಕಪ್ಪ ಬರುತ್ತಿದ್ದ. ಎತ್ತರದ ಆಳು. ಆದೋನಿಯ ಗಿರಣಿಗೆ ಹತ್ತಿ ಹಾಕಿ ರಾತ್ರಿಯೆಲ್ಲ ನಿದ್ದೆಗೆಟ್ಟು ನೇರ ಬಂದದ್ದರಿಂದ ಕಣ್ಣು ಕೆಂಡದಂತೆ ಕೆಂಪಾಗಿತ್ತು. ಗಾಡಿಯಲ್ಲಿ ಮಡಚಿಕೊಂಡು ಕೂತು ಜೋಮು ಹಿಡಿದ ಕಾಲು ಒಂದೊಂದು ಹೆಜ್ಜೆಗೆ ಒಂದೊಂದು ದಿಕ್ಕಿಗೆ ಹೋಗುತ್ತಿತ್ತು. ಕೈ ಖಾಲಿ. ಅಷ್ಟೇ ಸಾಕಾಯಿತು.

"ಒಳಗ ಬರ್ರಿ, ನೀರು ಕುಡೀರಿ" ಎಂದಳು ಉರುಕುಂದಮ್ಮ, ಜೇನಿನಂಥ ದನಿಯಲ್ಲಿ.

ಅವನು ಆ ದನಿಗೆ ತಲೆತಗ್ಗಿಸಿ ಕೋಣೆಯೊಳಗೆ ಹೋದ. ಬೀಗ ಬಿತ್ತು. ಅಂಜಿನಪ್ಪ ಗಾಡಿ ಹೊಡೆದುಕೊಂಡು ಹೋದ ವೇಗಕ್ಕೆ ಬೀದಿಯ ಕೋಳಿಗಳು ಮಾಳಿಗೆ ಹತ್ತಿದವು.

"ಏನ್ರೀ! ಇದೇನ್ರೀ! ನಾ ಕುಡಿಯಂಗಿಲ್ರೀ!" ಕಿಟಕಿಯ ಸರಳುಗಳ ಹಿಂದೆ ಕೆಂಪು ಕಣ್ಣು ಕಾಣಿಸಿದವು.

"ಹೌದು, ಇಲ್ಲಿ ಯಾರೂ ಕುಡಿಯಂಗಿಲ್ಲ. ಎಲ್ಲಾರೂ ಯಾತ್ರೆಗೆ ಬಂದಾರ."

"ಕುಡಿಯೋದು ನಮ್ಮ ಮಾಮ್ರಿ! ಆತನ್ನ ಬಿಡಾಕ ನಾ ಬಂದಿದ್ದೆ!"

"ನಮ್ಮಪ್ಪ ಬಂದ ದಿನ, ಕುಡಿಯಾಕಿ ನನ್ನ ಮಗಳು ಅಂದಿದ್ದ."

ಸುಂಕಪ್ಪನ ತುಟಿಯ ಒಂದು ಕೊನೆ ಮೆಲ್ಲಗೆ ಮೇಲೆದ್ದಿತು. ಕೂಡಿಹಾಕಿದವಳ ಮಾತಿಗೇ ನಗುವ ಕುಡುಕನನ್ನು ಉರುಕುಂದಮ್ಮ ಅದುವರೆಗೆ ಕಂಡಿರಲಿಲ್ಲ.

ಮರುದಿನ ಕಷಾಯ ತಂದಳು. ಆ ಕಷಾಯಕ್ಕೆ ಎಂಥೆಂಥ ಪೈಲ್ವಾನರೂ ಮೂಗು ಹಿಡಿದು, ಹೆತ್ತವರನ್ನು ಕರೆದು, ಅರ್ಧ ಉಗುಳಿ ಅರ್ಧ ನುಂಗುತ್ತಿದ್ದರು. ಸುಂಕಪ್ಪ ಲೋಟದ ಅಂಚಿನ ಮೇಲಿನಿಂದ ಅವಳನ್ನೇ ನೋಡುತ್ತ ಪೂರಾ ಕುಡಿದ.

"ಇನ್ನೊಂದೀಟು ಐತೇನ್ರಿ?"

ಕಟ್ಟೆಯ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಮಹಾಂತಮ್ಮ ಕೈ ನಿಲ್ಲಿಸಿದರು. "ಈ ಮನಿಗೆ ನಾ ಸೊಸಿಯಾಗಿ ಬಂದಾಗಿಂದ ನೋಡೀನಿ, ಎರಡನೇ ಸಲ ಯಾರೂ ಕೇಳಿದ್ದಿಲ್ಲ. ಈ ರೋಗ ಬ್ಯಾರೆ ಐತಿ, ಉರುಕುಂದಿ."

"ಯಾವುದ್ರಿ?"

"ಔಷಧ ಇಲ್ಲದ್ದು."

ಉರುಕುಂದಮ್ಮ ಲೋಟ ತೆಗೆದುಕೊಂಡು ಓಡಿದಳು.

ಮರುದಿನ ಕಿಟಕಿಯಲ್ಲಿ ನಿಂತು, "ನಿಮ್ಮ ತಲಿಮ್ಯಾಲೆ ಇನ್ನೂ ಹತ್ತಿ ಐತಿ" ಎಂದಳು. ಅವನು ಎಡಕ್ಕೆ ತಡವಿದ. "ಅಲ್ಲಲ್ಲ, ಆಕಡೆ." ಬಲಕ್ಕೆ ತಡವಿದ. "ಹಿಂದ್ರೀ." ಹತ್ತಿ ಇದ್ದ ಒಂದು ಜಾಗ ಬಿಟ್ಟು ಅವನ ಕೈ ತಲೆಯ ಮೇಲೆಲ್ಲ ಓಡಾಡಿತು. ಕೊನೆಗೆ ಬೇಸತ್ತು ಅವಳೇ ಸರಳಿನೊಳಗಿಂದ ಕೈ ಹಾಕಿ ತೆಗೆದಳು. ಅಷ್ಟು ಹೊತ್ತೂ ಅವನು, ಮೈಮೇಲೆ ಚಿಟ್ಟೆ ಕೂತವನ ಹಾಗೆ, ಉಸಿರು ಬಿಡದೆ ನಿಂತಿದ್ದ. ಆ ಹತ್ತಿಯ ಎಳೆಯನ್ನು ಅವಳು ಎಸೆದಳೆಂದೇ ಎಲ್ಲರೂ ತಿಳಿದರು. ಅದು ಸೆರಗಿನ ಗಂಟಿನಲ್ಲಿತ್ತು.

ಅವನನ್ನು ಅಂಗಳಕ್ಕೆ ಬಿಟ್ಟ ಮೇಲೆ ಬೇವಿನ ನೆರಳಲ್ಲಿ ಕೂತ ಹಳೆಯ ಕುಡುಕರೆಲ್ಲ ಸೇರಿ ಪರೀಕ್ಷೆ ಇಟ್ಟರು. ಮುಂದಾಳು ಹೊನ್ನೂರಪ್ಪ.

"ತಮ್ಮಾ, ನೀ ಯಾವುದು ಹಾಕ್ಕೊಂತಿದ್ದಿ?"

"ಅದೇ ರಿ... ಬಿಳೀದು."

"ಒಳಗ ಹೋಗುವಾಗ ಹೆಂಗಿರತೈತಿ?"

ಸುಂಕಪ್ಪ ಬಹಳ ಯೋಚಿಸಿದ. "ಬೆಲ್ಲದಂಗ ಸೀ ಇರತೈತೇನ್ರಿ?"

ಬೇವಿನ ಮರದ ಕಾಗೆಗಳೆಲ್ಲ ಹಾರಿಹೋಗುವಂತೆ ನಕ್ಕರು. ಹೊನ್ನೂರಪ್ಪ ನಗಲಿಲ್ಲ. ಒಲೆಯ ಮುಂದಿದ್ದ ಮಗಳ ಬಳಿ ಬಂದು ಗಂಭೀರವಾಗಿ ಹೇಳಿದ, "ಮಗಳ, ಈ ಹುಡುಗ ನಮ್ಮ ಪಾರ್ಟಿ ಅಲ್ಲ. ಈ ವಿಷಯದಾಗ ನನಗ ಅನುಭವ ಐತಿ."

"ನಿನ್ನ ಸಾಕ್ಷಿ ತಗೊಂಡು ನಾ ಯಾವ ಕೋರ್ಟಿಗೆ ಹೋಗ್ಲಪ್ಪಾ?"

ಹಾಗೆಂದಳು, ಆದರೆ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ನಂಬಬೇಕೆಂಬ ಆಸೆ ಎದೆಯೊಳಗೆ ಏಳುತ್ತಿತ್ತು. ಆ ಆಸೆಯನ್ನು ಕಂಡೇ ಅವಳಿಗೆ ಭಯ. ಅವ್ವ ಹಾಗೇ ನಂಬುತ್ತಿದ್ದಳು. ಪ್ರತಿ ಹಬ್ಬಕ್ಕೂ ಅಪ್ಪ "ಇವತ್ತಿಗೆ ಬಿಟ್ಟೆ" ಅನ್ನುತ್ತಿದ್ದ. ಅವ್ವ ಪ್ರತಿ ಸಲವೂ ಹೋಳಿಗೆ ಮಾಡುತ್ತಿದ್ದಳು. ಹಾಸಿಗೆ ಹಿಡಿದಾಗ ಅವಳು ಕೇಳಿದ್ದು ಒಂದೇ ಮಾತು: ಕುಡಿಯುವವನ ಮನೆಯ ಹೊಸ್ತಿಲು ತುಳಿಯಬ್ಯಾಡ ಮಗಳ. ಉರುಕುಂದಮ್ಮ ಅವ್ವನ ಕೈಹಿಡಿದು ಆಣೆ ಮಾಡಿದ್ದಳು. ಆಣೆ ಮಾಡುವಾಗ, ಕುಡುಕನೊಬ್ಬನ ನಗು ಇಷ್ಟು ಚೆಂದ ಇರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬೀಸುವ ಕಲ್ಲಿನ ಮುಂದೆ ಒಂದು ದಿನ ಇಬ್ಬರೇ ಕೂತಿದ್ದರು. ಗೂಟ ಒಂದೇ, ಅವನ ಕೈ ಮೇಲೆ, ಅವಳ ಕೈ ಕೆಳಗೆ. ಕಲ್ಲು ತಿರುಗುತ್ತಿತ್ತು, ಕೈ ಜಾರಿ ಜಾರಿ ತಾಗುತ್ತಿತ್ತು, ಇಬ್ಬರೂ ಹಿಟ್ಟನ್ನೇ ನೋಡುತ್ತಿದ್ದರು.

"ನನ್ನ ಮಾತು ನೀವು ಯಾವಾಗ ನಂಬ್ತೀರಿ?" ಎಂದ.

"ಕುಡೀತಿದ್ದೆ ಅಂತ ಒಪ್ಪಿಕೊಂಡ ದಿನ. ಅಯ್ಯನವರು ಹೇಳ್ಯಾರ, ಒಪ್ಪಿಕೊಂಡ್ರ ಅರ್ಧ ರೋಗ ಹೋದಂಗ."

ಸುಂಕಪ್ಪ ಕಲ್ಲು ನಿಲ್ಲಿಸಿದ. ಅವಳು ಕೇಳಿದ್ದನ್ನು ಕೊಟ್ಟರೆ ಸಂತೋಷಪಟ್ಟಾಳು ಎಂದು ಆ ಬಡಪಾಯಿಗೆ ಅನಿಸಿತು.

"ಹಂಗಾರ... ಕುಡೀತಿದ್ದೆ."

ಗೂಟದ ಮೇಲಿನ ಅವಳ ಕೈ ಸಡಿಲಾಯಿತು. ಎದ್ದು ಅಡುಗೆಮನೆಗೆ ಹೋದಳು. "ಹೊಗಿ" ಎಂದು ಕಣ್ಣೊರೆಸಿಕೊಂಡಳು. ಒಲೆಗೆ ಇನ್ನೂ ಬೆಂಕಿ ಹಾಕಿರಲಿಲ್ಲ. ಮರುದಿನದಿಂದ ಅವನಿಗೆ ಕಷಾಯ ತಂದವನು ಹೊನ್ನೂರಪ್ಪ.

"ಇವತ್ತು ಕಹಿ ಐತ್ರಿ" ಎಂದ ಸುಂಕಪ್ಪ, ಮೊದಲ ಗುಟುಕಿಗೇ.

"ದಿನಾ ಇರೋದು ಇದೇ ತಮ್ಮಾ. ತರೋ ಕೈ ಬ್ಯಾರೆ ಆಗೈತಿ."

ಹೀಗೆ ಒಬ್ಬರ ಮುಖ ಒಬ್ಬರು ನೋಡದೆ, ನೋಡಿಲ್ಲವೆಂದು ನೋಡಿ ನೋಡಿ ಖಾತ್ರಿ ಮಾಡಿಕೊಳ್ಳುತ್ತ ಇರುವಾಗ, ಒಂದು ಮಧ್ಯಾಹ್ನ ಬೀದಿಯಲ್ಲಿ ಗೆಜ್ಜೆಯ ಸದ್ದು ಕೇಳಿಸಿತು. ಅದೇ ಗಾಡಿ. ಹೊಡೆಯುವವರೇ ಇಲ್ಲದೆ ಎತ್ತುಗಳು ತಾವಾಗಿ ಬಂದು ಅಂಗಳದ ಮುಂದೆ ನಿಂತು, ಗಿಡ್ಡ ಗೋಡೆಯ ಮೇಲಿಂದ ಕತ್ತು ಚಾಚಿ ಸುಂಕಪ್ಪನ ಭುಜ ನೆಕ್ಕತೊಡಗಿದವು. ಗಾಡಿಯಲ್ಲಿ ಒಂದು ಕಡೆ ಬೇರಿನ ಗಂಟು ಹಿಡಿದು ಗುರುಪಾದಯ್ಯ ಕೂತಿದ್ದರು. ಇನ್ನೊಂದು ಕಡೆ ರುಮಾಲು ಬಿಚ್ಚಿ ಹೋದ ಅಂಜಿನಪ್ಪ ಮಲಗಿ ಹಾಡುತ್ತಿದ್ದ.

"ದಾರ್ಯಾಗ ಸಿಕ್ಕ. ಎಲ್ಲಿಗೆ ಅಂದ್ರ, ಎತ್ತುಗಳನ್ನ ಕೇಳ್ರಿ ಅಂದ" ಎಂದರು ಅಯ್ಯನವರು ಇಳಿಯುತ್ತ. "ಹತ್ತಿ ಕೂತೆ. ನಮ್ಮ ಮನೀಗೇ ಬಂದ್ವು."

ಉರುಕುಂದಮ್ಮನನ್ನು ಕಂಡದ್ದೇ ಅಂಜಿನಪ್ಪ ಎದ್ದು ಕೂತ. "ಬಂದ್ಯಾ ತಾಯಿ! ನಿನ್ನ ಮ್ಯಾಲೆ ನನ್ನ ತಕರಾರು ಐತಿ. ಚೀಲ ಶೇಂಗಾ ಕೊಟ್ಟು ಹೋದೆ. ನನ್ನ ಬದ್ಲಿ ಅಳಿಯ ಔಷಧ ಕುಡದಾನ. ನನಗ ಇನ್ನೂ ಚಟ ಬಿಟ್ಟಿಲ್ಲ! ಎಂಥಾ ವೈದ್ಯಮ್ಮಾ ನಿಮ್ಮದು?"

ಗುರುಪಾದಯ್ಯ ಸುಂಕಪ್ಪನನ್ನು ಬೆಳಕಿಗೆ ನಿಲ್ಲಿಸಿ, ಕಣ್ಣು ಬಿಡಿಸಿ, ನಾಲಿಗೆ ಚಾಚಿಸಿ, ನಾಡಿ ಹಿಡಿದು ನೋಡಿದರು.

"ಇವ ಹುಟ್ಟಿದಾಗಿಂದ ಮಜ್ಜಿಗಿ ಬಿಟ್ಟು ಬ್ಯಾರೇದು ಕುಡದಿಲ್ಲ."

"ನಾ ಹೇಳಿದ್ದೆ" ಎಂದ ಹೊನ್ನೂರಪ್ಪ. ಅವನ ಜೀವಮಾನದಲ್ಲಿ ನಿಜವಾದ ಮೊದಲ ಮಾತು ಅದು; ಯಾರೂ ಕೇಳಿಸಿಕೊಳ್ಳಲಿಲ್ಲ.

ಉರುಕುಂದಮ್ಮನ ಮುಖ ಕಿವಿಯವರೆಗೆ ಕೆಂಪಾಯಿತು. ಒಳ್ಳೆಯವನೊಬ್ಬನನ್ನು ಕೂಡಿಹಾಕಿ ಕಹಿ ಕುಡಿಸಿದ್ದಳು. ಕುಡೀತಿದ್ದೆ ಎಂಬ ಸುಳ್ಳನ್ನೂ ತಾನೇ ಹೇಳಿಸಿದ್ದಳು. ನಾಚಿಕೆಗೆ ಸಿಟ್ಟೇ ಬಂತು.

"ಈ ಗೋಡಿ ನಿಮ್ಮ ಸೊಂಟಕ್ಕ ಬರಂಗಿಲ್ಲ! ಹಾರಿ ಹೋಗಬೇಕಿಲ್ಲೇನ್ರಿ?"

"ಹಾರಿದ್ದೆ."

"ಮತ್ತ?"

"ಅಂಗಳಕ್ಕ ಬಿಟ್ಟ ರಾತ್ರಿನೇ ಊರ ಹೊರಗ ಬಾವಿ ತನಕ ಹೋದೆ. ಬೆಳಿಗ್ಗಿ ಕಷಾಯ ತರಾಕ ನೀವು ಬರ್ತೀರಿ, ನಾ ಇಲ್ದಿದ್ರ ಎಲ್ಲಿ ಹೋಗಿ ಕುಡೀತಾನೋ ಅಂತ ಸಂಕಟಪಡ್ತೀರಿ ಅನಿಸ್ತು. ವಾಪಸ್ ಹಾರಿ ಬಂದೆ."

ಮಹಾಂತಮ್ಮ ಮಂಡಿ ನೋವು ಮರೆತು ಎದ್ದು ನಿಂತರು.

ಗುರುಪಾದಯ್ಯ ಕೆಮ್ಮಿದರು. "ರೋಗ ಇಲ್ಲದವಗ ಔಷಧ ಕೊಟ್ಟಿವಿ. ಚೀಲ ವಾಪಸ್ ತರ್ರಿ."

ಶೇಂಗಾ ಚೀಲ ಹೊಸ್ತಿಲಿಗೆ ಬಂತು. ಅದರ ಒಂದು ಮೂಲೆ ಸ್ವಲ್ಪ ಕುಗ್ಗಿತ್ತು. ಮಹಾಂತಮ್ಮ ಆಕಾಶ ನೋಡಿದರು.

"ಈಗ ಖರೇ ರೋಗಿ ಬಂದಾನ. ಈತನ ಪರವಾಗಿ ಚೀಲ ಕೊಡೋರು ಯಾರು?" ಎಂದು ಗುರುಪಾದಯ್ಯ ಕೇಳಿದರು.

ಸುಂಕಪ್ಪ ಬಾಗಿದ. ಅಯ್ಯನವರು ಕೋಲು ಅಡ್ಡ ಹಿಡಿದರು. "ನೀ ಮುಟ್ಟಬ್ಯಾಡ. ಕುಡೀತಿದ್ದೆ ಅಂತ ಒಪ್ಪಿಕೊಂಡೀಯಂತ, ಹೊನ್ನೂರಪ್ಪ ಈಗ ಕಿವ್ಯಾಗ ಹೇಳಿದ. ನನ್ನ ಮನ್ಯಾಗ ಒಪ್ಪಿಕೊಂಡವ ರೋಗಿ. ರೋಗಿ ಕೈಯಾಂದು ನಾ ತಗೊಳ್ಳಂಗಿಲ್ಲ." ಅವರ ಮೀಸೆಯ ಕೆಳಗೆ ಏನೋ ಅಡಗಿತ್ತು.

"ಬಂಧು ಇಲ್ಲಂದ್ರ ನಾ ಬರ್ತೀನ್ರಿ, ಶರಣು" ಎಂದು ಅಂಜಿನಪ್ಪ ಖುಷಿಯಿಂದ ಹಗ್ಗ ಹುಡುಕತೊಡಗಿದ. ಎತ್ತುಗಳು ಅಲುಗಲಿಲ್ಲ.

ಉರುಕುಂದಮ್ಮ ಅಪ್ಪನ ಕಡೆ ನೋಡಿದಳು. ಹೊನ್ನೂರಪ್ಪ ಎತ್ತಿನ ಕೋಡನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. ಕೆನ್ನೆಯಲ್ಲಿ ನಗು ತಡೆಯಲಾಗದೆ ಕುಣಿಯುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚೀಲದ ಎರಡು ಕಿವಿ ಹಿಡಿದಳು. ಸುಂಕಪ್ಪ ಕೈ ಚಾಚಿದ.

"ಮುಟ್ಟಬ್ಯಾಡ್ರಿ. ನೀವು ರೋಗಿ."

ಎಳೆದು ಎಳೆದು, ಹೊಸ್ತಿಲು ದಾಟಿಸಿ, ಅಯ್ಯನವರ ಪಾದದ ಮುಂದೆ ಇಟ್ಟಳು.

"ಕೊಟ್ಟವರು ಬಂಧು ಆಗಬೇಕಲ್ಲ" ಎಂದರು ಅವರು. "ನೀ ಈ ಅಂಜಿನಪ್ಪಗ ಏನಾಗಬೇಕವ್ವಾ?"

ಬೇವಿನ ಮರದಡಿಯ ಕುಡುಕರೆಲ್ಲ ಕತ್ತು ಚಾಚಿದರು. ಉರುಕುಂದಮ್ಮ ಚೀಲದ ಗಂಟನ್ನು ನೋಡುತ್ತ, ಕೇಳಿಸಿಯೂ ಕೇಳಿಸದಂತೆ ಹೇಳಿದಳು.

"ಸೊಸಿ."

ಅಂಜಿನಪ್ಪ ತಲೆ ಕೆರೆದುಕೊಂಡ. "ನನಗ ಇರೋನು ಒಬ್ಬನೇ ಅಳಿಯ, ಅವಗ ಮದುವಿನೇ ಆಗಿಲ್ಲ. ಸೊಸಿ ಎಲ್ಲಿಂದ ಬಂದಳು?" ಕುಡಿದವನಾದರೂ ಲೆಕ್ಕದಲ್ಲಿ ಗಟ್ಟಿ.

ಸುಂಕಪ್ಪ ನಿಂತಲ್ಲೇ ನಿಂತಿದ್ದ. ಅವಳು ಅವನೆದುರು ಬಂದಳು. ಗಾಡಿಯಿಂದ ಹಾರಿ ಬಂದ ಹತ್ತಿ ಮತ್ತೆ ಅವನ ಕೂದಲಿಗೆ ಅಂಟಿತ್ತು.

"ನೀವು ಕುಡೀತೀರೇನು?"

"ಇಲ್ಲ."

"ನಂಬಿದೆ."

ಅವ್ವನೂ ಅಂದಿದ್ದ ಮಾತು. ಈ ಸಲ ಹೇಳುವಾಗ ಭಯವಾಗಲಿಲ್ಲ.

ಸೊಂಟದಿಂದ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಮಾಮನನ್ನು ಮಗುವಿನಂತೆ ಎತ್ತಿ ಕೋಣೆಯೊಳಗೆ ಬಿಟ್ಟು ಬೀಗ ಹಾಕಿದ. ಬೀಗದ ಕೈಯನ್ನು ತಿರುಗಿ ಕೊಡುವಾಗ ಅದನ್ನು ಬಿಟ್ಟ, ಅವಳ ಬೆರಳನ್ನು ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

ಕಿಟಕಿಯ ಸರಳುಗಳ ಹಿಂದೆ ಕೆಂಪು ಕಣ್ಣು ಕಾಣಿಸಿದವು.

"ಏನ್ರೀ! ಇದೇನ್ರೀ! ನಾ ಕುಡಿಯಂಗಿಲ್ರೀ!"